1961ರ ಗೋವಾ: ಯಾರ ದಂಡು ಎಲ್ಲಿ ನಿಂತಿತ್ತು?

ವಾಸ್ಕೋ ವಾಸಿ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 19 ಹತ್ತಿರ ಬಂತು. ಗೋವಾದಲ್ಲಿ ರಜೆ, ಬಾವುಟ, ಭಾಷಣ. ಪ್ರತಿ ವರ್ಷ ಕೇಳೋದು ಒಂದೇ ಮಾತು: ಭಾರತದ ಸೇನೆ ಬಂತು, ಪೋರ್ಚುಗೀಸರು ಶರಣಾದರು, 451 ವರ್ಷದ ಆಳ್ವಿಕೆ ಮುಗಿಯಿತು. ಸರಿ, ಅದು ಗೊತ್ತು.

ನನಗೆ ಬೇಕಿರೋದು ಅದರ ಒಳಗಿನ ವಿಷಯ. ಸೇನೆ ಯಾವ ದಾರಿಯಿಂದ ಬಂತು? ಯಾವ ಬ್ರಿಗೇಡಿಗೆ ಏನು ಕೆಲಸ ಕೊಟ್ಟಿದ್ದರು? ವಿಮಾನಗಳು ಎಲ್ಲಿಂದ ಹಾರಿದವು? ಎದುರಿಗಿದ್ದವರು ತಮ್ಮ ಜನರನ್ನು ಹೇಗೆ ಹಂಚಿ ನಿಲ್ಲಿಸಿದ್ದರು? ನಮ್ಮಲ್ಲಿ ಬೆಳಗಾವಿ, ಲೋಂಡಾ, ಕಾರವಾರ ಕಡೆಯವರು ಜಾಸ್ತಿ ಇದ್ದೀರಿ. ಇಡೀ ಕಾರ್ಯಾಚರಣೆ ನಡೆದದ್ದು ನಿಮ್ಮ ಮನೆ ಮುಂದೆಯೇ, ಅಲ್ವಾ? ಗೊತ್ತಿದ್ದವರು ಬರೆಯಿರಿ. ಬರೀ ಜೈಕಾರ ಬೇಡ, ದಯವಿಟ್ಟು ನಕ್ಷೆ ಎದುರಿಗಿಟ್ಟುಕೊಂಡು ಮಾತಾಡೋಣ.

ಡೊಂಬಿವಲಿ ಲೋಕಲ್
ಶನಿವಾರ, ರಾತ್ರಿ 10:05

ಇದರಲ್ಲಿ ನಕ್ಷೆ ನೋಡೋದಕ್ಕೆ ಏನಿದೆ ಸ್ವಾಮಿ? ಆ ಕಡೆ ನಾಲ್ಕು ಸಾವಿರ ಚಿಲ್ಲರೆ ಸೈನಿಕರು. ಈ ಕಡೆ ಎಲ್ಲರೂ ಹೇಳೋ ಲೆಕ್ಕ 45,000. ಮೇಲೆ ನೌಕಾಪಡೆ, ವಾಯುಪಡೆ ಬೇರೆ. ಯಾವ ದಾರಿಯಿಂದ ಬಂದಿದ್ದರೂ ಗೆಲ್ತಿದ್ದರು. ಎರಡು ದಿನದಲ್ಲಿ ಮುಗೀತು. ಇದನ್ನ ಯುದ್ಧ ಅನ್ನೋದೇ ಜಾಸ್ತಿ ಆಯ್ತು.

ಪಣಜಿ ಮೇಷ್ಟ್ರು
ಭಾನುವಾರ, ಬೆಳಗ್ಗೆ 7:15

ಡೊಂಬಿವಲಿಯವರೇ, ಗೆಲುವು ಯಾರದು ಅನ್ನೋದರಲ್ಲಿ ಆಗಲೂ ಯಾರಿಗೂ ಅನುಮಾನ ಇರಲಿಲ್ಲ. ಲಿಸ್ಬನ್ನಿನ ಮಿಲಿಟರಿಯವರಿಗೂ ಇರಲಿಲ್ಲ. ಪ್ರಶ್ನೆ ಇದ್ದದ್ದು ಎಷ್ಟು ದಿನದಲ್ಲಿ ಅನ್ನೋದು. ವಾರ ಎಳೆದಿದ್ದರೆ ವಿಶ್ವಸಂಸ್ಥೆಯಲ್ಲಿ ಗದ್ದಲ ಆಗುತ್ತಿತ್ತು, ಹೊರಗಿನವರು ಮಧ್ಯೆ ಬರುತ್ತಿದ್ದರು. ಪೋರ್ಚುಗಲ್ಲಿನ ಪ್ರಧಾನಿ ಸಾಲಜಾರ್ ಕಾದಿದ್ದೇ ಅದಕ್ಕೆ. ಹಾಗಾಗಿ ದಾರಿ, ನದಿ, ಸೇತುವೆ ಇವೇ ಇಲ್ಲಿ ಮುಖ್ಯ. ತಲೆಗಳ ಲೆಕ್ಕ ಆಮೇಲೆ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮೊಬೈಲಿನ ನಕ್ಷೆಯಲ್ಲಿ ಕಾಣುವ ದೊಡ್ಡ ಸೇತುವೆಗಳನ್ನೆಲ್ಲ ಮನಸ್ಸಿನಲ್ಲಿ ಅಳಿಸಿ. 1961ರಲ್ಲಿ ಪಣಜಿಗೆ ಮಾಂಡೋವಿ ಮೇಲೆ ಸೇತುವೆ ಇರಲಿಲ್ಲ. ಕೊರ್ಟಾಲಿಂ ಹತ್ತಿರ ಝುವಾರಿ ಮೇಲೂ ಇರಲಿಲ್ಲ. ಎರಡೂ ಕಡೆ ಫೆರ್ರಿ. ಪಣಜಿ ಇರುವ ತಿಸವಾಡಿ ನಿಜಕ್ಕೂ ಒಂದು ದ್ವೀಪ. ಉತ್ತರಕ್ಕೆ ಮಾಂಡೋವಿ, ದಕ್ಷಿಣಕ್ಕೆ ಝುವಾರಿ, ಪೂರ್ವಕ್ಕೆ ಕುಂಭಾರಜುವೆ ಕಾಲುವೆ. ಗಾಡಿ ಒಳಗೆ ಬರಬೇಕಾದರೆ ಬಾಣಸ್ತಾರಿ ಸೇತುವೆ. ಫೋಂಡಾದಿಂದ ಮಡಗಾಂವಿಗೆ ಹೋಗಬೇಕಾದರೆ ಬೋರಿ ಸೇತುವೆ. ಈ ಎರಡನ್ನು ಕೆಡವಿದರೆ ಗೋವಾ ಮೂರು ತುಂಡು. ಪೋರ್ಚುಗೀಸರು ಎರಡನ್ನೂ ಕೆಡವಿದರು.

ಈಗ ಭಾರತದ ಕಡೆ. ಒಟ್ಟು ಹೊಣೆ ಪುಣೆಯ ಸದರ್ನ್ ಕಮಾಂಡಿನದು. ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧರಿ. ಕಲಬುರಗಿ, ರಾಯಚೂರು ಕಡೆಯ ಹಿರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು. 1948ರಲ್ಲಿ ಹೈದರಾಬಾದಿಗೆ ನುಗ್ಗಿದ ಸೇನೆಯ ಮುಂದಾಳು ಇವರೇ. ಇವರ ಕೈಕೆಳಗೆ ಎರಡು ಮುಖ್ಯ ಪಡೆ. ಒಂದು 17ನೇ ಇನ್‌ಫಂಟ್ರಿ ಡಿವಿಷನ್. ಅದರ ಮುಖ್ಯಸ್ಥ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್. ಅದರಲ್ಲಿ 63 ಮತ್ತು 48ನೇ ಬ್ರಿಗೇಡುಗಳು. ಇನ್ನೊಂದು 50ನೇ ಪ್ಯಾರಾಶೂಟ್ ಬ್ರಿಗೇಡ್. ಅದರ ಮುಖ್ಯಸ್ಥ ಬ್ರಿಗೇಡಿಯರ್ ಸಗತ್ ಸಿಂಗ್. ಇದು ಆಗ್ರಾದಿಂದ ಬಂದ ಪಡೆ.

ಪ್ಲಾನ್ ಹೀಗಿತ್ತು. ಮುಖ್ಯ ಹೊಡೆತ ಪೂರ್ವದಿಂದ, ಅಂದರೆ ಅನಮೋಡ ಘಾಟಿಯಿಂದ. ಅದು 17ನೇ ಡಿವಿಷನ್ ಕೆಲಸ. ಉತ್ತರದಲ್ಲಿ ದೋಡಾಮಾರ್ಗದ ಕಡೆಯಿಂದ ಪ್ಯಾರಾ ಬ್ರಿಗೇಡ್ ಬರಬೇಕು. ಆದರೆ ಅದರದ್ದು ಕೈಜೋಡಿಸುವ ಪಾತ್ರ ಮಾತ್ರ. ದಕ್ಷಿಣದಲ್ಲಿ ಕಾರವಾರದ ಮಾಜಾಳಿಯಿಂದ 4ನೇ ರಜಪೂತ್ ಬೆಟಾಲಿಯನ್ನಿನ ಒಂದು ಕಂಪನಿ. ಅವರ ಕೆಲಸ ಶತ್ರುವಿನ ಕಣ್ಣು ತಪ್ಪಿಸೋದು.

ಆದರೆ ನಡೆದದ್ದು ಉಲ್ಟಾ. ಪಣಜಿಗೆ ಮೊದಲು ಕಾಲಿಟ್ಟದ್ದು ಸಹಾಯಕ್ಕೆ ಅಂತ ಇಟ್ಟಿದ್ದ ಬ್ರಿಗೇಡು. ಯಾಕೆ ಅನ್ನೋದು ಆ ಸೇತುವೆಗಳ ಕತೆ. ಸಂಜೆ ಬರೆಯುತ್ತೇನೆ, ಈಗ ಮಾರ್ಕೆಟ್ಟಿಗೆ ಹೋಗಬೇಕು.

ಅನಮೋಡ ಘಾಟು
ಭಾನುವಾರ, ಬೆಳಗ್ಗೆ 11:30

ಮೇಷ್ಟ್ರೇ, ಮೊದಲು ದಂಡು ಗಡಿಗೆ ಬಂದದ್ದು ಹೇಗೆ ಅಂತ ಹೇಳ್ಬೇಕಲ್ರೀ. ಯಾರೂ ಅದನ್ನ ಕೇಳೋದೇ ಇಲ್ಲ. ನಾನು ಟ್ರಾನ್ಸ್‌ಪೋರ್ಟಿನವನು, ನನಗೆ ಅದೇ ದೊಡ್ಡದು ಕಾಣ್ತದೆ.

ಉತ್ತರದಿಂದ ಟ್ಯಾಂಕು, ಲಾರಿ, ಗುಂಡು, ರೇಷನ್ ಎಲ್ಲ ಬ್ರಾಡ್‌ಗೇಜಿನಲ್ಲಿ ಪುಣೆ ತನಕ ಬರಬಹುದು. ಮುಂದೆ ಮೀರಜ್, ಬೆಳಗಾವಿ, ಲೋಂಡಾ ಪೂರ್ತಿ ಆಗ ಮೀಟರ್‌ಗೇಜ್. ಪುಣೆ–ಮೀರಜ್ ಬ್ರಾಡ್‌ಗೇಜ್ ಆದದ್ದೇ 1970ರ ದಶಕದ ಶುರುವಿಗೆ. ಅಂದರೆ ರೈಲಿನಲ್ಲಿ ಬಂದ ಸಾಮಾನೆಲ್ಲ ಪುಣೆಯಲ್ಲಿ ಇಳಿಸಿ ಸಣ್ಣ ಗಾಡಿಗೆ ಏರಿಸಬೇಕು, ಇಲ್ಲ ರಸ್ತೆ ಮೇಲೆ ಓಡಿಸಬೇಕು. ಒಂದು ಡಿವಿಷನ್ನಿನ ಸಾಮಾನು ಹೀಗೆ ಬದಲಿಸೋದು ಅಂದರೆ ಹಮಾಲರ ಸೊಂಟ ಮುರೀತದೆ. ಡಿಸೆಂಬರ್ ಮೊದಲ ಎರಡು ವಾರದಲ್ಲಿ ಇಷ್ಟೆಲ್ಲ ಬೆಳಗಾವಿಗೆ ಬಂದು ಬಿದ್ದಿತ್ತು. ಗುಟ್ಟಾಗಿ ಇಡೋದು ಸಾಧ್ಯವೇ? ಗಡಿಯ ಆಚೆ ಇದ್ದವರಿಗೂ ಎಲ್ಲ ಗೊತ್ತಿತ್ತು.

ಲೋಂಡಾ–ಕ್ಯಾಸಲ್‌ರಾಕ್–ಕುಳೆಂ–ಮುರ್ಗಾಂವ್ ರೈಲಿತ್ತಲ್ಲ, ಅದರಲ್ಲೇ ಹೋಗಬಹುದಿತ್ತು ಅಂತ ಕೆಲವರು ಹೇಳ್ತಾರೆ. ಹೋಗೋಕ್ಕಾಗಲ್ಲ. 1955ರಿಂದ ಗಡಿ ದಾಟಿ ರೈಲು ಓಡ್ತಿರಲಿಲ್ಲ. ಘಾಟಿನಲ್ಲಿ ಸುರಂಗದ ಮೇಲೆ ಸುರಂಗ. ಒಂದು ಕಡೆ ಕೆಡವಿದರೆ ಮುಗೀತು.

ಉಳಿದದ್ದು ಅನಮೋಡ ರಸ್ತೆ. ಇಳಿಜಾರು, ಒಂದು ಕಡೆ ಕಾಡು, ಇನ್ನೊಂದು ಕಡೆ ಕಂದಕ. ಇವತ್ತಿಗೂ ಮಳೆಗಾಲದಲ್ಲಿ ಅಲ್ಲಿ ಟ್ರಕ್ಕು ಸಾಲಾಗಿ ನಿಲ್ತಾವೆ. ಆ ದಾರಿಯಲ್ಲಿ ಬ್ರಿಗೇಡು ಇಳಿಸೋದು ಅಂದರೆ ಮುಂದಿನ ಗಾಡಿ ನಿಂತರೆ ಹಿಂದಿನವೆಲ್ಲ ನಿಂತ ಹಾಗೆ. ಅದಕ್ಕೇ ಎರಡು ಸಾಲು ಮಾಡಿದರು. ಬಲಕ್ಕೆ 2 ಬಿಹಾರ ಬೆಟಾಲಿಯನ್, ಎಡಕ್ಕೆ 3 ಸಿಖ್ ಬೆಟಾಲಿಯನ್. ಮೊಲ್ಲೆಂನಲ್ಲಿ ಸೇರಿ, ಮತ್ತೆ ಬೇರೆ ಬೇರೆ ದಾರಿ ಹಿಡಿದು ಫೋಂಡಾ ಕಡೆಗೆ.

ಕ್ಯಾಸಲ್‌ರಾಕಿನ ಇನ್ನೊಂದು ವಿಷಯ ಹೇಳಿಬಿಡ್ತೀನಿ, ಸೇನೆಗೆ ಸಂಬಂಧ ಇಲ್ಲದಿದ್ದರೂ. ಗೋವಾ ಬಿಡುಗಡೆಯ ಗುಪ್ತ ರೇಡಿಯೋ ಮೊದಲು ಅಂಬೋಲಿ ಕಾಡಿನಿಂದ, ಆಮೇಲೆ ಇಲ್ಲಿಂದಲೇ ಮಾತಾಡ್ತಿತ್ತು. ಲಿಬಿಯಾ ಲೋಬೋ ಮತ್ತು ವಾಮನ ಸರದೇಸಾಯಿ ನಡೆಸ್ತಿದ್ದದ್ದು. ಗೋವಾ ಬಿಡುಗಡೆಯಾದಾಗ ವಿಮಾನದಲ್ಲಿ ಕೂತು ಧ್ವನಿವರ್ಧಕದಲ್ಲಿ ಸುದ್ದಿ ಸಾರಿದವರೂ ಅವರೇ.

ವಾಸ್ಕೋ ವಾಸಿ
ಭಾನುವಾರ, ಮಧ್ಯಾಹ್ನ 1:10

ಭಾರಿ ಚೆನ್ನಾಗಿದೆ ಅಣ್ಣಾ. ಗೇಜಿನ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ.

ಒಂದು ಸಂದೇಹ. ಪ್ಯಾರಾ ಬ್ರಿಗೇಡ್ ಅಂದರೆ ವಿಮಾನದಿಂದ ಹಾರಿದರಾ? ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಪಣಜಿ ಮೈದಾನದಲ್ಲಿ ಪ್ಯಾರಾಶೂಟು ಇಳಿದವು ಅಂತ ಗಟ್ಟಿಯಾಗಿ ಹೇಳ್ತಾರೆ.

ಪಣಜಿ ಮೇಷ್ಟ್ರು
ಭಾನುವಾರ, ಸಂಜೆ 6:20

ಒಬ್ಬರೂ ಹಾರಲಿಲ್ಲ. ಪ್ಯಾರಾ ಬ್ರಿಗೇಡ್ ಗೋವಾಕ್ಕೆ ಬಂದದ್ದು ಗಾಡಿಯಲ್ಲಿ ಮತ್ತು ಕಾಲ್ನಡಿಗೆಯಲ್ಲಿ. ನಿಮ್ಮ ಬಿಲ್ಡಿಂಗಿನವರು ಬಹುಶಃ ಮೆರೂನ್ ಟೋಪಿ ನೋಡಿ ಕತೆ ಕಟ್ಟಿದ್ದಾರೆ. ಪಣಜಿಗೆ ಹೋಗುವ ಮುಂಚೆ ಉಕ್ಕಿನ ಹೆಲ್ಮೆಟ್ ತೆಗೆದು ಪ್ಯಾರಾ ರೆಜಿಮೆಂಟಿನ ಆ ಟೋಪಿ ಹಾಕಿಕೊಳ್ಳಿ ಅಂತ ಆದೇಶ ಬಂದಿತ್ತು. ಜನರನ್ನು ಹೆದರಿಸಬಾರದು ಅಂತ.

ಈ ಬ್ರಿಗೇಡು ಮೂರು ಸಾಲಾಗಿ ಬಂತು. ಪೂರ್ವದ ಸಾಲು 2 ಪ್ಯಾರಾ, ಮರಾಠಾ ಬೆಟಾಲಿಯನ್. ಉಸಗಾಂವ್ ಮೇಲೆ ಫೋಂಡಾಗೆ. ನಡುವಿನ ಸಾಲು 1 ಪ್ಯಾರಾ, ಪಂಜಾಬ್ ಬೆಟಾಲಿಯನ್. ಬಾಣಸ್ತಾರಿ ಮೇಲೆ ಪಣಜಿಗೆ. ಪಶ್ಚಿಮದ ಸಾಲು 2 ಸಿಖ್ ಲೈಟ್ ಇನ್‌ಫಂಟ್ರಿ, ಜೊತೆಗೆ ಟ್ಯಾಂಕುಗಳು. ಈ ಸಾಲು 18ರ ಬೆಳಗಿನ ಜಾವ ದೋಡಾಮಾರ್ಗ ಬಿಟ್ಟಿತು. ಥಿವಿಂ ದಾರಿ ಹಿಡಿದು ಸಂಜೆ 5ರ ಹೊತ್ತಿಗೆ ಬೇಟಿಂ ಮುಟ್ಟಿತು. ಬೇಟಿಂ ದಡದಲ್ಲಿ ನಿಂತರೆ ಎದುರಿಗೇ ಪಣಜಿ. ನಡುವೆ ಮಾಂಡೋವಿ, ಅರ್ಧ ಕಿಲೋಮೀಟರ್ ನೀರು.

ಅಲ್ಲಿ ನಿಂತುಬಿಟ್ಟರು. ಯಾಕೆಂದರೆ ಮುಂದೆ ಹೋಗಲು ಆದೇಶ ಇರಲಿಲ್ಲ! ಪಣಜಿ ಬೇರೆಯವರ ಪಾಲಿಗೆ ಬರೆದಿದ್ದ ಊರು. ರಾತ್ರಿ ಆ ದಡದಿಂದ ಗೋವಾದವರೇ ಒಬ್ಬರು ದೋಣಿಯಲ್ಲಿ ಬಂದು ಕದನ ನಿಲ್ಲಿಸುವ ಪತ್ರ ಕೊಟ್ಟರು. ಆಮೇಲೆ ಒಳಹೋಗಲು ಅಪ್ಪಣೆ ಬಂತು. 19ರ ಬೆಳಗ್ಗೆ ನದಿ ದಾಟಿದರು. ಪಣಜಿಯಲ್ಲಿ ಹೋರಾಟ ಅಂತ ಹೇಳುವಂಥದ್ದು ಆಗಲಿಲ್ಲ.

ಇದೇ ಹೊತ್ತಿಗೆ ಮುಖ್ಯ ಪಡೆ ಎಲ್ಲಿತ್ತು? 18ರ ರಾತ್ರಿ 3 ಸಿಖ್ ಧಾರಬಾಂದೋಡಾದಲ್ಲಿತ್ತು. ಎದುರು ನಿಂತು ಹೊಡೆದಾಡಿದವರು ಯಾರೂ ಇಲ್ಲ. ಆದರೂ ಪ್ರತಿ ನದಿಯಲ್ಲೂ ಸೇತುವೆ ಮುರಿದಿತ್ತು. ಮುಂದಿನ ಬೆಳಗ್ಗೆ ಹಿಂದೆ ಬರುತ್ತಿದ್ದ ಬೆಟಾಲಿಯನ್ ಬೋರಿ ಸೇತುವೆಗೆ ಕಾಯದೆ ಝುವಾರಿ ದಾಟಿತು. ಮುಂದೆ ಎದೆಮಟ್ಟದ ಹಳ್ಳ ಹಾದು ಮಡಗಾಂವಿಗೆ ಹೋಯಿತು. ಅಲ್ಲಿಂದ ವೆರ್ಣಾ, ದಾಬೋಳಿ, ವಾಸ್ಕೋ.

ನನ್ನ ಅಭಿಪ್ರಾಯ ಕೇಳಿದರೆ, ಇದು ಸಗತ್ ಸಿಂಗರ ಸ್ವಭಾವ ಕೂಡ. ಮುಂದೆ 1967ರಲ್ಲಿ ನಾಥು ಲಾದಲ್ಲಿ, 1971ರಲ್ಲಿ ಮೇಘನಾ ನದಿ ದಾಟುವಾಗಲೂ ಇದೇ ಮನುಷ್ಯ. ನದಿ ಕಂಡರೆ ನಿಲ್ಲುವ ಜಾತಿ ಅಲ್ಲ. ಆದರೆ ಉತ್ತರದ ದಾರಿಯೇ ಸುಲಭ ಇತ್ತು ಅನ್ನೋದನ್ನೂ ಮರೀಬಾರದು. ಅಲ್ಲಿ ಘಾಟಿ ಇಳಿಯುವ ಕಷ್ಟ ಇರಲಿಲ್ಲ. ದೋಡಾಮಾರ್ಗದಿಂದ ಬೇಟಿಂ ತೀರಾ ದೂರವೂ ಅಲ್ಲ.

ಲೋಹಗಾಂವ್ ರಿಟೈರ್ಡ್
ಭಾನುವಾರ, ರಾತ್ರಿ 8:45

ನಾನು ವಾಯುಪಡೆಯ ಗ್ರೌಂಡ್ ಸ್ಟಾಫ್. ಸೇರಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ, ಆದ್ದರಿಂದ ಕಣ್ಣಾರೆ ಕಂಡದ್ದು ಏನೂ ಇಲ್ಲ. ಆದರೆ ಪುಣೆ ಮತ್ತು ಸಾಂಬ್ರಾ ಎರಡೂ ಕಡೆ ಕೆಲಸ ಮಾಡಿದ್ದೇನೆ. ಅಲ್ಲಿ ಈ ಮಾತು ಕೇಳದೆ ಇರೋಕೆ ಆಗಲ್ಲ.

ವಾಯು ಕಾರ್ಯಾಚರಣೆಯ ಮುಖ್ಯಸ್ಥ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೋ. ಎರಡು ವರ್ಷದ ಮೇಲೆ, 1963ರಲ್ಲಿ, ಪೂಂಚ್ ಹತ್ತಿರದ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಆ ಒಂದೇ ಅಪಘಾತದಲ್ಲಿ ಎಷ್ಟು ಹಿರಿಯ ಅಧಿಕಾರಿಗಳು ಹೋದರು ಅಂತ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತೆ.

ಇರಲಿ. ಕೆಲಸದ ಹಂಚಿಕೆ ಹೀಗಿತ್ತು. ಬಾಂಬ್ ಹಾಕುವ ಕ್ಯಾನ್‌ಬೆರಾಗಳು ಪುಣೆಯಲ್ಲಿ. ಅದಕ್ಕೆ ದೊಡ್ಡ ರನ್‌ವೇ ಬೇಕು, ಹಾರುವ ದೂರವೂ ಜಾಸ್ತಿ, ಆದ್ದರಿಂದ ಹಿಂದೆ ಇದ್ದರೂ ನಡೆಯುತ್ತೆ. ಹಂಟರ್‌ಗಳು ಬೆಳಗಾವಿಯ ಸಾಂಬ್ರಾದಲ್ಲಿ. ಅಲ್ಲಿಂದ ಗೋವಾಕ್ಕೆ ಕೆಲವೇ ನಿಮಿಷ. ವ್ಯಾಂಪೈರ್‌ಗಳೂ ಇದ್ದವು. ಗುಜರಾತ್ ಕಡೆ ಪೋರ್ಚುಗೀಸರ ಕೈಲಿದ್ದ ದಮನ್ ಪಾಲಿಗೆ ಮಿಸ್ಟೇರ್, ದೀವ್ ಪಾಲಿಗೆ ಜಾಮನಗರದಿಂದ ತೂಫಾನಿ. ಅಂದರೆ ಒಂದೇ ಕಾರ್ಯಾಚರಣೆಗೆ ಐದು ಬಗೆಯ ಜೆಟ್. ಒಂದು ಬ್ರಿಟನ್ನಿನದು, ಇನ್ನೊಂದು ಫ್ರಾನ್ಸಿನದು. ಬಿಡಿಭಾಗ ಬೇರೆ, ಗುಂಡು ಬೇರೆ, ಮೆಕ್ಯಾನಿಕ್ ಬೇರೆ. ನಮ್ಮಂಥ ನೆಲದ ಮೇಲಿನವರಿಗೆ ಅದು ಹಬ್ಬ ಅಲ್ಲ ಸ್ವಾಮಿ, ತಲೆನೋವು.

18ರ ಬೆಳಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳತ್ವದಲ್ಲಿ 12 ಕ್ಯಾನ್‌ಬೆರಾ ದಾಬೋಳಿ ವಿಮಾನ ನಿಲ್ದಾಣದ ಮೇಲೆ ಬಂದವು. ಕೆಲವೇ ನಿಮಿಷದಲ್ಲಿ 63,000 ಪೌಂಡ್ ಬಾಂಬ್ ಹಾಕಿದವು. ಗುರಿ ರನ್‌ವೇ ಮಾತ್ರ. ಟರ್ಮಿನಲ್ ಮುಟ್ಟಬಾರದು ಅಂತ ಸ್ಪಷ್ಟ ಆದೇಶ. ಆಮೇಲೆ ಎರಡನೇ ಸರ್ತಿ 8 ಕ್ಯಾನ್‌ಬೆರಾ. ಇನ್ನೊಂದು ಕಡೆ 6 ಹಂಟರ್ ಬಾಂಬೋಳಿಯ ವೈರ್‌ಲೆಸ್ ಸ್ಟೇಷನ್ನಿಗೆ ರಾಕೆಟ್ ಹೊಡೆದವು. ನನ್ನ ಲೆಕ್ಕದಲ್ಲಿ ರನ್‌ವೇಗಿಂತ ಈ ಹೊಡೆತವೇ ದೊಡ್ಡದು. ಲಿಸ್ಬನ್ ಜೊತೆ ಗವರ್ನರ್ ಮಾತಾಡುತ್ತಿದ್ದ ದಾರಿಯೇ ಅದು.

ಎದುರಾಳಿ ವಾಯುಪಡೆ? ಇರಲೇ ಇಲ್ಲ. ಗೋವಾದಲ್ಲಿ ಪೋರ್ಚುಗಲ್ಲಿನ ಯುದ್ಧವಿಮಾನ ಒಂದೂ ಇರಲಿಲ್ಲ. ಇದ್ದದ್ದು ಪ್ರಯಾಣಿಕರ ವಿಮಾನ ಮತ್ತು ಹಳೆಯ ಕೆಲವು ವಿಮಾನ ನಿರೋಧಕ ಗನ್ನು. ಆ ಗನ್ನಿನವರನ್ನು ಫುಟ್‌ಬಾಲ್ ತಂಡ ಅಂತ ಹೇಳಿ ಗುಟ್ಟಾಗಿ ಗೋವಾಕ್ಕೆ ಕರೆತಂದಿದ್ದರಂತೆ. ಗೋವಾದಲ್ಲಿ ಫುಟ್‌ಬಾಲ್ ಅಂದರೆ ಯಾರೂ ಅನುಮಾನಪಡಲ್ಲ, ಉಪಾಯ ಚೆನ್ನಾಗೇ ಇದೆ.

ಡೊಂಬಿವಲಿ ಲೋಕಲ್
ಭಾನುವಾರ, ರಾತ್ರಿ 9:20

ಸಾರ್, ಅದೇ ದಾಬೋಳಿಯಲ್ಲಿ ನಿಂತಿದ್ದ ಎರಡು ದೊಡ್ಡ ವಿಮಾನ ಅವತ್ತು ರಾತ್ರಿ ಹಾರಿ ಕರಾಚಿಗೆ ಹೋದವು ಅಂತ ಓದಿದ್ದೇನೆ. 63,000 ಪೌಂಡ್ ಹಾಕಿದ ಮೇಲೂ? ಹಾಗಾದರೆ ಬಾಂಬ್ ಹಾಕಿದ್ದು ಏನಕ್ಕೆ?

ಲೋಹಗಾಂವ್ ರಿಟೈರ್ಡ್
ಭಾನುವಾರ, ರಾತ್ರಿ 9:50

ಹೌದು, ಹೋದವು. ಒಂದು ಸೂಪರ್ ಕಾನ್‌ಸ್ಟಲೇಷನ್, ಇನ್ನೊಂದು ಅದಕ್ಕಿಂತ ಚಿಕ್ಕದು. ಅವು ಟರ್ಮಿನಲ್ ಹತ್ತಿರ ನಿಂತಿದ್ದವು, ಹೊಡೆಯಲಿಲ್ಲ. ಅವರು ಹೊಂಡ ಮುಚ್ಚಿ, ಸಿಕ್ಕಷ್ಟು ರನ್‌ವೇಯಲ್ಲೇ ಕತ್ತಲಲ್ಲಿ ಹಾರಿದರು. ಆ ಪೈಲಟ್‌ಗಳ ಧೈರ್ಯ ಒಪ್ಪಬೇಕು.

ರನ್‌ವೇ ಅನ್ನೋದು ಗಾಜು ಅಲ್ಲ, ಒಂದು ಕಡೆ ಹೊಡೆದರೆ ಪೂರ್ತಿ ಒಡೆಯೋಕೆ. ಹೊಂಡ ತುಂಬಿದರೆ ಮತ್ತೆ ಓಡುತ್ತೆ. ಆ ಕಾಲದ ಬಾಂಬಿನಲ್ಲಿ ಅಷ್ಟೇ ಆಗೋದು. ಹೊರಗಿನಿಂದ ದೊಡ್ಡ ಮಟ್ಟದಲ್ಲಿ ಸಹಾಯ ಇಳಿಯಬಾರದು ಅನ್ನೋದು ಉದ್ದೇಶ. ಅದು ನೆರವೇರಿತು. ಮತ್ತೆ, ಮರುದಿನ ಆ ವಿಮಾನ ನಿಲ್ದಾಣ ನಮ್ಮದೇ ಆಗೋದಿತ್ತಲ್ಲ? ನಮ್ಮ ಮನೆ ಬಾಗಿಲನ್ನ ನಾವೇ ಯಾಕೆ ಒಡೀಬೇಕು?

ಡೊಂಬಿವಲಿ ಲೋಕಲ್
ಭಾನುವಾರ, ರಾತ್ರಿ 9:58

ಆದರೂ ಕಾವಲಿಗೆ ರಾತ್ರಿ ಒಂದು ವಿಮಾನ ಹಾರಿಸಿದ್ದರೆ ಸಾಕಿತ್ತು. ಇದು ಲೋಪವೇ. ನಾನು ಒಪ್ಪಲ್ಲ.

ಮಾಜಾಳಿ ಹುಡುಗಿ
ಸೋಮವಾರ, ಬೆಳಗ್ಗೆ 8:30

ಎಲ್ಲರೂ ಪಣಜಿ ಪಣಜಿ ಅಂತೀರಿ. ನಮ್ಮ ಕಡೆ ನೋಡಿ ಸ್ವಲ್ಪ. ನಾನು ಈಗ ಮಡಗಾಂವಿನಲ್ಲಿ ಕೆಲಸ, ಮನೆ ಮಾಜಾಳಿ. ನಮ್ಮ ಊರು ದಾಟಿದರೆ ಗೋವಾ.

ಅಂಜದೀವ್ ದ್ವೀಪ ಕಾರವಾರಕ್ಕೆ ಕೂಗಳತೆಯಲ್ಲಿದೆ, ಆದರೆ ಪೋರ್ಚುಗೀಸರದಾಗಿತ್ತು. ಇವತ್ತಿಗೂ ಲೆಕ್ಕದಲ್ಲಿ ಗೋವಾಕ್ಕೇ ಸೇರಿದ್ದು. 1961ರ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಆಮೇಲೆ ಮೀನುಗಾರರ ದೋಣಿ ಮೇಲೂ. ಕಾರವಾರದಲ್ಲಿ ಮೀನು ಹಿಡಿಯೋಕೆ ಹೋಗುವವರಿಗೆ ಭಯ ಶುರುವಾಯ್ತು. ದೆಹಲಿಯಲ್ಲಿ ತೀರ್ಮಾನ ಬೇಗ ಆಗೋಕೆ ಇದು ಒಂದು ದೊಡ್ಡ ಕಾರಣ.

ಅಂಜದೀವ್ ಹಿಡಿಯುವ ಕೆಲಸ ನೌಕಾಪಡೆಗೆ ಕೊಟ್ಟರು. ಮೈಸೂರು ಮತ್ತು ತ್ರಿಶೂಲ್ ಹಡಗುಗಳು. ಮೈಸೂರು ಅಂದರೆ ಕ್ರೂಸರ್, ದೊಡ್ಡ ಫಿರಂಗಿ ಇರೋದು. ನಾವಿಕರನ್ನೇ ಸಣ್ಣ ದೋಣಿಯಲ್ಲಿ ದಡಕ್ಕೆ ಕಳಿಸಿದರು. ಬಿಳಿ ಬಾವುಟ ಕಂಡಿತು ಅಂತ ಹತ್ತಿರ ಹೋದಾಗ ಗುಂಡು ಬಂತು ಅನ್ನೋದು ನಮ್ಮ ಕಡೆಯ ಹೇಳಿಕೆ. 7 ಜನ ನಾವಿಕರು ಸತ್ತರು. ಇಡೀ ಕಾರ್ಯಾಚರಣೆಯಲ್ಲಿ ಭಾರತದ ಕಡೆ ಸತ್ತವರು 22 ಅಂತ ಅಧಿಕೃತ ಲೆಕ್ಕ. ಅದರಲ್ಲಿ 7 ಜನ ಆ ಪುಟ್ಟ ದ್ವೀಪದಲ್ಲೇ. 45,000 ಜನರ ಸೇನೆ ಅಂತ ಹೇಳುವವರು ಇದನ್ನೂ ಹೇಳಿ.

ನನ್ನ ಪ್ರಶ್ನೆ: ನಾವಿಕರನ್ನು ಯಾಕೆ ಕಳಿಸಿದರು? ದಡಕ್ಕೆ ಇಳಿದು ಹೊಡೆದಾಡುವ ತರಬೇತಿ ಸೇನೆಯವರಿಗಿರೋದು, ಹಡಗಿನವರಿಗಲ್ಲ. ಪ್ಲಾನ್ ಅಷ್ಟು ಚೆನ್ನಾಗಿತ್ತು ಅಂದರೆ ಈ ಒಂದು ಜಾಗದಲ್ಲಿ ಯಾಕೆ ಎಡವಿದರು?

ಪಣಜಿ ಮೇಷ್ಟ್ರು
ಸೋಮವಾರ, ಬೆಳಗ್ಗೆ 9:05

ಒಳ್ಳೆಯ ಪ್ರಶ್ನೆ ತಂಗಿ. ಹಂಚಿಕೆಯ ತೊಂದರೆಯೇ ಅದು. ನೆಲ ಸೇನೆಗೆ, ಆಕಾಶ ವಾಯುಪಡೆಗೆ, ನೀರು ನೌಕಾಪಡೆಗೆ ಅಂತ ಗೆರೆ ಎಳೆದರು. ದ್ವೀಪ ನೀರಿನ ಪಾಲಿಗೆ ಬಿತ್ತು. ದ್ವೀಪದ ಮೇಲೆ ಇರೋದೂ ನೆಲವೇ ಅನ್ನೋದು ಗೆರೆ ಎಳೆದವರಿಗೆ ಹೊಳೆದ ಹಾಗಿಲ್ಲ. ದೀವ್‌ನಲ್ಲೂ ಇಂಥದ್ದೇ ಆಯಿತು. ಅಲ್ಲಿ 20 ರಜಪೂತ್‌ನವರು ಬಿದಿರಿನ ಮಂಚವನ್ನು ಎಣ್ಣೆ ಪೀಪಾಯಿಗೆ ಕಟ್ಟಿ ತೆಪ್ಪ ಮಾಡಿಕೊಂಡು ರಾತ್ರಿ ಕಾಲುವೆ ದಾಟಲು ಹೋದರು. ಮೊದಲ ಸಲ ಹಿಂದಕ್ಕೆ ಬರಬೇಕಾಯಿತು. ವಿಮಾನಗಳು, ದೆಹಲಿ ಹಡಗಿನ ಫಿರಂಗಿ ಎಲ್ಲ ಸೇರಿದ ಮೇಲೆ ಶರಣಾದರು.

ಮಡಗಾಂವ್ ಲೈಬ್ರರಿ
ಸೋಮವಾರ, ಮಧ್ಯಾಹ್ನ 2:40

ಎದುರು ಪಕ್ಷದ ಬಗ್ಗೆ ಯಾರೂ ಬರೆದಿಲ್ಲ. ನಾನು ಸ್ವಲ್ಪ ಪೋರ್ಚುಗೀಸ್ ಓದುತ್ತೇನೆ, ಹಳೆಯ ಗೋವಾ ಮನೆಗಳ ಕಾಗದಪತ್ರ ನೋಡುವ ಕೆಲಸ.

1950ರ ದಶಕದ ನಡುವಿನಲ್ಲಿ ಇಲ್ಲಿ ಇದ್ದ ಸೈನ್ಯ ಇದಕ್ಕಿಂತ ಎಷ್ಟೋ ದೊಡ್ಡದು. ಆಮೇಲೆ ಕಡಿಮೆ ಮಾಡುತ್ತಾ ಬಂದರು. ಆಫ್ರಿಕಾದ ಕಡೆ ಜನ ಬೇಕಾಗಿತ್ತು. 1961ರ ಶುರುವಿಗೆ ಅಂಗೋಲಾದಲ್ಲಿ ದಂಗೆ ಎದ್ದಿತು, ಅಲ್ಲಿಗೇ ಎಲ್ಲ ಹೋಯಿತು. ಗೋವಾ ಉಳಿಸಿಕೊಳ್ಳೋದು ಆತ್ಮಹತ್ಯೆ ಅಂತ ಅವರ ರಕ್ಷಣಾ ಮಂತ್ರಿ ಬೊಟೆಲ್ಯೂ ಮೊನಿಜ್ 1960ರಲ್ಲೇ ಸಾಲಜಾರ್‌ಗೆ ಹೇಳಿದ್ದರು.

ಇಲ್ಲಿಯ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ. ಸೇನಾಧಿಕಾರಿ, ಆದರೆ ಮೂಲದಲ್ಲಿ ಇಂಜಿನಿಯರ್. ರಕ್ಷಣೆಯ ಪ್ಲಾನಿಗೆ 'ಸೆಂಟಿನೆಲಾ' ಅಂತ ಹೆಸರು. ಗೋವಾವನ್ನು ನಾಲ್ಕು ವಲಯ ಮಾಡಿದರು. ಉತ್ತರ, ಮಧ್ಯ, ದಕ್ಷಿಣ, ಮುರ್ಗಾಂವ್. ಪ್ರತಿ ವಲಯಕ್ಕೆ ಒಂದು ತುಕಡಿ. ಗಡಿಯಲ್ಲಿ ನಿಂತು ಸಾಯೋದು ಬೇಡ. ಶತ್ರುವನ್ನು ತಡೆಯುತ್ತಾ, ಸೇತುವೆ ಕೆಡವುತ್ತಾ, ನಿಧಾನಕ್ಕೆ ಹಿಂದಕ್ಕೆ ಸರಿದು ಕೊನೆಗೆ ಮುರ್ಗಾಂವಿನಲ್ಲಿ ಎಲ್ಲರೂ ಸೇರೋದು. ನೆಲ ಕೊಟ್ಟು ಸಮಯ ಕೊಳ್ಳೋದು. ಸೇತುವೆ ಸ್ಫೋಟಕ್ಕೆ, ರಸ್ತೆ ಮತ್ತು ಬೀಚಿನಲ್ಲಿ ಮೈನ್ ಇಡೋದಕ್ಕೆ ಬೇರೆಯೇ ಒಂದು ಪ್ಲಾನ್ ಇತ್ತು.

ಕಾಗದದ ಮೇಲೆ ತಪ್ಪಿಲ್ಲ. ಆದರೆ ಹಿಂದೆ ಸರಿಯುತ್ತಾ ಹೊಡೆದಾಡಬೇಕಾದರೆ ತುಕಡಿಗಳು ಗಳಿಗೆಗೊಮ್ಮೆ ಮಾತಾಡಬೇಕು. ನೀನು ಎಲ್ಲಿದ್ದೀಯ, ನಾನು ಸೇತುವೆ ಕೆಡವಲಾ, ನಿನ್ನವರು ದಾಟಿದರಾ ಅಂತ. ಅದಕ್ಕೆ ಬೇಕಾದ ಹೊತ್ತೊಯ್ಯುವ ರೇಡಿಯೋ ಅವರ ಹತ್ತಿರ ಇರಲಿಲ್ಲ. ಅಲ್ಲಿ ಕ್ಯಾಪ್ಟನ್ ಆಗಿದ್ದ ಕಾರ್ಲೋಸ್ ಅಜೆರೆಡೊ ಆಮೇಲೆ ಈ ಪ್ಲಾನ್ ನಡೆಯುವಂಥದ್ದೇ ಆಗಿರಲಿಲ್ಲ ಅಂತ ಹೇಳಿದ್ದು ಇದಕ್ಕೇ. ಮೈನ್ ಸಾಕಷ್ಟು ಇರಲಿಲ್ಲ. ಟ್ಯಾಂಕ್ ಹೊಡೆಯುವ ಮದ್ದುಗುಂಡು ಇರಲಿಲ್ಲ. ಅದನ್ನು ಗುಪ್ತ ಹೆಸರಿನಲ್ಲಿ 'ಶೊರಿಸು' ಕಳಿಸಿ ಅಂತ ಕೇಳಿದರೆ ಲಿಸ್ಬನ್ನಿನಿಂದ ನಿಜವಾದ ಸಾಸೇಜ್ ಬಂತು ಅನ್ನೋ ಕತೆ ಪೋರ್ಚುಗಲ್ಲಿನಲ್ಲಿ ಇವತ್ತಿಗೂ ಹೇಳ್ತಾರೆ. ಪೂರ್ತಿ ನಿಜವೋ, ಸ್ವಲ್ಪ ಉಪ್ಪುಖಾರ ಹಚ್ಚಿದ್ದೋ, ಓದುಗರಿಗೆ ಬಿಟ್ಟದ್ದು.

ಇನ್ನು ಸಾಲಜಾರ್ ಆದೇಶ. ಡಿಸೆಂಬರ್ 14ರ ಸಂದೇಶದಲ್ಲಿ ಕನಿಷ್ಠ 8 ದಿನ ತಡೆಯಿರಿ ಅಂದ. ಶರಣಾಗತಿ ಇಲ್ಲ, ಗೆಲ್ಲಬೇಕು ಇಲ್ಲ ಸಾಯಬೇಕು ಅಂತ ಅದರ ಅರ್ಥ. ಗವರ್ನರ್ ಇದಕ್ಕೆ ಮುಂಚೆಯೇ ಒಂದು ಆದೇಶ ಮೀರಿದ್ದರು. 12ನೇ ತಾರೀಖು 'ಇಂಡಿಯಾ' ಹೆಸರಿನ ಹಡಗಿನಲ್ಲಿ ಸುಮಾರು 700 ಯುರೋಪಿಯನ್ ಜನರನ್ನು ಊರಿಗೆ ಕಳಿಸಿಬಿಟ್ಟರು. ಅದರಲ್ಲಿ ಜಾಗ ಇದ್ದದ್ದು 380 ಜನಕ್ಕೆ.

ನನಗೆ ಆ ಮನುಷ್ಯನ ಮೇಲೆ ಗೌರವ ಇದೆ. ಬಯ್ಯುವವರು ಬಯ್ಯಿರಿ.

ಲಾಲ್‌ಬಾಗ್ ಸಿಂಹ
ಸೋಮವಾರ, ಮಧ್ಯಾಹ್ನ 3:15

ಗೌರವ ಅಂತೆ! ಸತ್ಯಾಗ್ರಹಿಗಳನ್ನ ಗುಂಡಿಟ್ಟು ಕೊಂದವರಿಗೆ ಗೌರವ ಕೊಡ್ತೀರಾ? ನಿಮ್ಮಂಥವರಿಂದಲೇ

ನಿರ್ವಾಹಕ
ಸೋಮವಾರ, ಮಧ್ಯಾಹ್ನ 3:30

ಮೇಲಿನ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ. 1955ರ ಸತ್ಯಾಗ್ರಹದ ಬಗ್ಗೆ ಬೇರೆ ಚರ್ಚೆ ಇದೆ, ಅಲ್ಲಿ ಬರೆಯಿರಿ. ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯೋದು ಬೇಡ.

ವಾಸ್ಕೋ ವಾಸಿ
ಸೋಮವಾರ, ರಾತ್ರಿ 8:00

ಹಡಗಿನ ವಿಷಯ ನಾನೇ ಸೇರಿಸುತ್ತೇನೆ. ಬಂದರಿನ ಕೆಲಸದವನು, ಇಷ್ಟಾದರೂ ಗೊತ್ತಿರಬೇಕು.

ಗೋವಾದಲ್ಲಿ ಪೋರ್ಚುಗಲ್ಲಿನ ಹೇಳಿಕೊಳ್ಳುವಂಥ ಯುದ್ಧನೌಕೆ ಒಂದೇ, ಅಫೊನ್ಸೊ ಡಿ ಅಲ್ಬುಕರ್ಕ್. 1930ರ ದಶಕದ ಹಡಗು. 120 ಮಿಲಿಮೀಟರಿನ 4 ಫಿರಂಗಿ. ಎದುರಿಗೆ ಬಂದವು ಬೇತ್ವಾ ಮತ್ತು ಬಿಯಾಸ್, ಎರಡೂ 1960ರಲ್ಲಿ ಸೇವೆಗೆ ಸೇರಿದ ಹೊಸ ಹಡಗು. ಒಂದೊಂದರಲ್ಲೂ 4.5 ಇಂಚಿನ 4 ಫಿರಂಗಿ. ಗುಂಡಿನ ಅಳತೆ ಹೆಚ್ಚುಕಡಿಮೆ ಒಂದೇ. ಆದರೆ ಹೊಸ ಹಡಗಿನಲ್ಲಿ ರೇಡಾರ್ ಗುರಿ ಹಿಡಿಯುತ್ತೆ, ಫಿರಂಗಿ ಬೇಗ ಬೇಗ ಹಾರಿಸುತ್ತೆ. ಮೇಲಾಗಿ ಅಫೊನ್ಸೊ ಬಂದರಿನೊಳಗೆ, ಸುತ್ತ ಬೇರೆ ದೇಶದ ಸರಕು ಹಡಗುಗಳು. ತಿರುಗೋಕೂ ಜಾಗ ಇಲ್ಲ. 18ರ ಮಧ್ಯಾಹ್ನ 12ರ ಸುಮಾರಿಗೆ ಗುಂಡು ಶುರು. ಕ್ಯಾಪ್ಟನ್ ಅರಗಾವ್‌ಗೆ ಜೋರಾಗಿ ಪೆಟ್ಟಾಯಿತು. ಕೊನೆಗೆ ಹಡಗನ್ನು ದೋನಾ ಪಾವಲಾ–ಬಾಂಬೋಳಿ ಕಡೆ ಮರಳಿಗೆ ಹತ್ತಿಸಿದರು. ಆಮೇಲೆ ಬೊಂಬಾಯಿಗೆ ಎಳೆದುಕೊಂಡು ಹೋಗಿ ಗುಜರಿಗೆ ಮಾರಿದ್ದು.

ವಿಕ್ರಾಂತ್ ಕೂಡ ಗೋವಾದಿಂದ ದೂರದಲ್ಲಿ ಸಮುದ್ರದಲ್ಲಿ ನಿಂತಿತ್ತು, ಹೊರಗಿನವರು ಯಾರಾದರೂ ಬಂದರೆ ಅಂತ. ಯಾರೂ ಬರಲಿಲ್ಲ.

ಡೊಂಬಿವಲಿ ಲೋಕಲ್
ಸೋಮವಾರ, ರಾತ್ರಿ 8:25

ಸರಿ, ನದಿ ಮತ್ತು ಸೇತುವೆ ವಾದ ಒಪ್ಪೋಣ. ಆದರೆ ಅವರ ಹತ್ತಿರ ರೇಡಿಯೋ ಇಲ್ಲ, ವಿಮಾನ ಇಲ್ಲ, ಮೈನ್ ಇಲ್ಲ ಅಂತ ಮೊದಲೇ ಗೊತ್ತಿದ್ದರೆ ಇಷ್ಟು ದೊಡ್ಡ ಸೇನೆ ಏನಕ್ಕೆ ಬೇಕಿತ್ತು? ಒಂದು ಬ್ರಿಗೇಡು ಸಾಕಿತ್ತಲ್ಲ. ಖರ್ಚು ಯಾರದ್ದು?

ಪಣಜಿ ಮೇಷ್ಟ್ರು
ಸೋಮವಾರ, ರಾತ್ರಿ 9:10

ಮೊದಲೇ ಗೊತ್ತಿದ್ದರೆ ಅಲ್ವಾ? ಎದುರಾಳಿಯ ಬಲವನ್ನು ನಮ್ಮವರು ಇದ್ದದ್ದಕ್ಕಿಂತ ಹೆಚ್ಚೇ ಅಂದುಕೊಂಡಿದ್ದರು. ಜೊತೆಗೆ, ಬೇಗ ಮುಗಿಸಬೇಕು ಅಂದರೆ ಮೂರು ಕಡೆಯಿಂದ ಒಟ್ಟಿಗೆ ಹೋಗಬೇಕು. ಒಂದು ದಾರಿ ಸೇತುವೆಯಿಂದ ನಿಂತರೆ ಇನ್ನೊಂದು ನಡೆಯುತ್ತೆ. ನಡೆದದ್ದೂ ಹಾಗೇ. ಒಂದೇ ಬ್ರಿಗೇಡು ಅನಮೋಡದಿಂದ ಬಂದಿದ್ದರೆ ಸಾಲಜಾರ್ ಕೇಳಿದ 8 ದಿನ ಸಿಕ್ಕಿಬಿಡುತ್ತಿತ್ತೋ ಏನೋ.

ದಮನ್ ಬಗ್ಗೆ ಯಾರೋ ನನಗೆ ಬೇರೆಯಾಗಿ ಕೇಳಿದ್ದರು. ಅಲ್ಲಿಗೆ ಹೋದದ್ದು 1 ಮರಾಠಾ ಲೈಟ್ ಇನ್‌ಫಂಟ್ರಿ, ಮೇಲಿಂದ ಮಿಸ್ಟೇರ್‌ಗಳು. 19ರ ಬೆಳಗ್ಗೆ ಮುಗಿಯಿತು. ಅಲ್ಲಿದ್ದ ಅಂಟಾರೆಸ್ ಅನ್ನೋ ಕಾವಲು ದೋಣಿ ತಪ್ಪಿಸಿಕೊಂಡು ಕರಾಚಿಗೆ ಹೋಯಿತು.

ಗೋವಾದಲ್ಲಿ 19ರ ರಾತ್ರಿ ವಸ್ಸಾಲೊ ಇ ಸಿಲ್ವಾ ವಾಸ್ಕೋದಲ್ಲಿ 63ನೇ ಬ್ರಿಗೇಡಿನ ಬ್ರಿಗೇಡಿಯರ್ ಧಿಲ್ಲೋನ್ ಮುಂದೆ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಅಂದರೆ ಪಣಜಿ ಪ್ಯಾರಾದವರಿಗೆ ಸಿಕ್ಕರೂ ಗವರ್ನರ್ ಸಿಕ್ಕಿದ್ದು ಮುಖ್ಯ ಪಡೆಗೇ. 4,668 ಜನ ಸೆರೆಯಾದರು. ಕ್ಯಾಂಡೆತ್ 1962ರ ಜೂನ್ ತನಕ ಗೋವಾದ ಮಿಲಿಟರಿ ಗವರ್ನರ್ ಆಗಿದ್ದರು.

ಮಾಜಾಳಿ ಹುಡುಗಿ
ಸೋಮವಾರ, ರಾತ್ರಿ 9:35

ಆ ಗವರ್ನರ್ ಊರಿಗೆ ಹೋದ ಮೇಲೆ ಏನಾಯ್ತು ಸರ್?

ಮಡಗಾಂವ್ ಲೈಬ್ರರಿ
ಸೋಮವಾರ, ರಾತ್ರಿ 10:15

1962ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಹೋದರು. 1963ರಲ್ಲಿ ಸಾಲಜಾರ್ ಸರ್ಕಾರ ಅವರನ್ನು ಸೇನೆಯಿಂದಲೇ ತೆಗೆದುಹಾಕಿತು. 1974ರಲ್ಲಿ ಅಲ್ಲಿ ಕ್ರಾಂತಿ ಆಗಿ ಆ ಸರ್ಕಾರ ಬಿದ್ದ ಮೇಲೆ ಸ್ಥಾನ ವಾಪಸ್ ಸಿಕ್ಕಿತು. 1980ರಲ್ಲಿ ಗೋವಾಕ್ಕೆ ಒಮ್ಮೆ ಬಂದು ಹೋದರು. ಇಲ್ಲಿಯ ಜನ ಚೆನ್ನಾಗಿಯೇ ಬರಮಾಡಿಕೊಂಡರು.

ಅನಮೋಡ ಘಾಟು
ಮಂಗಳವಾರ, ಬೆಳಗ್ಗೆ 6:50

ಮೇಷ್ಟ್ರೇ, 48ನೇ ಬ್ರಿಗೇಡು ಏನು ಮಾಡ್ತು ಅಂತ ನೀವು ಹೇಳಲೇ ಇಲ್ಲ. ಅದು ನಮ್ಮ ಘಾಟಿನ ಹಿಂದೇ ನಿಂತಿತ್ತೋ, ಇಳೀತೋ? ಬಿಡುವಾದಾಗ ಬರೀರಿ. ನಾನು ಇವತ್ತು ಲೋಡ್ ತಗೊಂಡು ಫೋಂಡಾಗೆ ಹೊಂಟೀನಿ, ರಾತ್ರಿ ನೋಡ್ತೀನಿ.